ಉಪ್ಪಿನಕಾಯಿ ಪುಸ್ತಕದ ಪಕ್ಕದಲ್ಲಿ

ನಾನು ಒಂದು ಪಿಎಚ್‌ಡಿ ಪ್ರಬಂಧ. ಧಾರವಾಡದ ಬೈಂಡಿಂಗ್ ಅಂಗಡಿಯೊಂದರಲ್ಲಿ ಕಪ್ಪು ರೆಕ್ಸಿನ್ ಹೊದಿಸಿ, ಬಂಗಾರದ ಬಣ್ಣದ ಅಕ್ಷರ ಒತ್ತಿ ನನ್ನನ್ನು ಕಳಿಸಿದರು. 'ಗಡಿಯಲ್ಲಿ ನಿಂತ ಹೆಣ್ಣು: ಲಿಂಗ, ಬಣ್ಣ, ಜಾಗತಿಕ ರಾಜಕಾರಣ' ಎಂಬುದು ನನ್ನ ಹೆಸರು. ಇಂಥ ಹೆಸರು ಹೊತ್ತು ಇಪ್ಪತ್ತು ವರ್ಷ ನಾನು ಎಲ್ಲಿ ಕೂತಿದ್ದೆ ಎಂದು ಕೇಳಿದರೆ ನಿಮಗೂ ಮೈ ಉರಿಯುತ್ತದೆ.

ನನ್ನನ್ನು ಬರೆದವಳು ನೀಲಗಂಗಾ. ದೇಶದ ಗಡಿ ಕಾಯುವ ಅಧಿಕಾರಿಗಳು ಹೆಂಗಸರ ಮೈಬಣ್ಣವನ್ನೂ, ಅವರು ಯಾರನ್ನು ಪ್ರೀತಿಸುತ್ತಾರೆ ಎಂಬುದನ್ನೂ ಯಾಕೆ ಕೆದಕುತ್ತಾರೆ ಎಂಬುದು ಅವಳ ಪ್ರಶ್ನೆ. ನನ್ನ ಮೂರನೇ ಅಧ್ಯಾಯ ಹಳಿಯಾಳದ ಕಡೆಯ ರೆಜಿನಾ ಸಿದ್ದಿಯ ಮಾತು; ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದು ಇಲ್ಲಿಯವರೇ ಆದ ಜನ ಈ ಸಿದ್ದಿಗಳು. ರೆಜಿನಾ ಮತ್ತು ಗೆಳತಿ ಪಾವ್ಲೀನ್ ಮುದುಕರ ಆರೈಕೆಯ ಕೆಲಸಕ್ಕೆ ವಿದೇಶಕ್ಕೆ ಹೋಗಿದ್ದರು. ಗುಂಗುರು ಕೂದಲಿನ ಈ ಕಪ್ಪು ಹೆಂಗಸರು ಭಾರತದವರೆಂದರೆ ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಯಾರೂ ನಂಬಲಿಲ್ಲ. ಜಡೆ ಬಿಚ್ಚಿಸಿ ನೋಡಿದರು. ಇಬ್ಬರೂ ಕೈ ಹಿಡಿದುಕೊಂಡದ್ದಕ್ಕೆ ನಕ್ಕರು, ಪಾವ್ಲೀನಳನ್ನು ಮಾತ್ರ ವಾಪಸ್ ಅಟ್ಟಿದರು.

"ಆಕಿ ಅಂದ್ರ ನನ್ನ ಜೀವ. ಹೆಸರು ಮುಚ್ಚಬ್ಯಾಡ್ರಿ ಅಕ್ಕಾರ, ಬರೀರಿ," ಎಂದಿದ್ದಳು ರೆಜಿನಾ.

ಗೈಡ್ ಹುಲ್ಲೂರ ಸರ್ ಓದಿ ಮೂಗು ಮುರಿದರು. "ಇದು ರಾಜ್ಯಶಾಸ್ತ್ರ ಏನವಾ? ಆ ಮೂರನೇ ಅಧ್ಯಾಯ ಕಿತ್ತ ಒಗಿ, ನಾಳೆನ ಸಹಿ ಹಾಕ್ತೀನಿ."

"ನಾ ಕೀಳೂದಿಲ್ರೀ ಸರ," ಎಂದಳು ನೀಲಗಂಗಾ.

ಒಂದೂವರೆ ವರ್ಷ ಸತಾಯಿಸಿದರು ಪುಣ್ಯಾತ್ಮರು! ಅವರು ನಿವೃತ್ತರಾದ ಮೇಲೆಯೇ ಡಿಗ್ರಿ ಬಂತು. ನೀಲಗಂಗಾ ದೂರದ ಊರಿಗೆ ಪಾಠ ಹೇಳಲು ಹೋದಳು. ಹೋಗುವ ಮುಂಚೆ ರೆಜಿನಾಗೆ ಕಾಗದ ಬರೆದಳು: ಕಿತ್ತುಹಾಕು ಅಂದರೂ ಕಿತ್ತಿಲ್ಲ, ನಿಮ್ಮ ಮಾತು ಲೈಬ್ರರಿಯಲ್ಲಿದೆ.

ಲೈಬ್ರರಿಯ ಮಹಾನುಭಾವ ನನ್ನ ಬೆನ್ನ ಮೇಲೆ 'ಹೆಣ್ಣು' ಎಂಬ ಒಂದೇ ಪದ ಓದಿ, ಗೃಹವಿಜ್ಞಾನದ ಚೀಟಿ ಅಂಟಿಸಿದ. ಮುಗಿಯಿತು! ಎಡಕ್ಕೆ ಉಪ್ಪಿನಕಾಯಿ, ಬಲಕ್ಕೆ ಸ್ವೆಟರ್ ಹೆಣಿಗೆ, ನಡುವೆ ಪಾಸ್‌ಪೋರ್ಟು, ಪೊಲೀಸು, ಗಡಿ ತುಂಬಿಕೊಂಡ ನಾನು. ಥೂ! ಹೆಣ್ಣು ಎಂದ ಕೂಡಲೇ ಅಡುಗೆಮನೆಗೆ ತಳ್ಳುವ ಈ ಚಾಳಿ ಪುಸ್ತಕವನ್ನೂ ಬಿಡಲಿಲ್ಲ. ಯಾರೂ ಎರವಲು ಒಯ್ಯದೆ ನನ್ನ ಹಿಂಬದಿಯ ಚೀಟಿಯಲ್ಲಿ ಒಂದು ತಾರೀಖೂ ಬೀಳಲಿಲ್ಲ.

ಕಳೆದ ತಿಂಗಳು ಬೆಳ್ಳಿಕೂದಲಿನ ಹೆಂಗಸೊಬ್ಬಳು ಬಂದು ತನ್ನ ಹೆಸರು ಹೇಳಿದಳು. ರೆಜಿನಾ! ನನ್ನ ಹಾಳೆಗಳೆಲ್ಲ ನಡುಗಿದವು.

"ಪಾವ್ಲೀನ ತೀರಿಕೊಂಡ್ಳ್ರಿ. ಚರ್ಚಿನ್ಯಾಗ ಆಕಿ ತಿಂಗಳ ಪೂಜಿ ಆಗೂ ದಿನ ಸಮಾಧಿ ಮುಂದ ಓದಸಬೇಕಾಗೇತಿ. ನೀಲಗಂಗಾ ಅಕ್ಕಾರು ನಮ್ಮಿಬ್ಬರ ಸಂಗತಿ ಬರದ ರಾಜ್ಯಶಾಸ್ತ್ರದ ಬುಕ್ಕ ಕೊಡ್ರಿ."

ಸಿಬ್ಬಂದಿ ರಾಜ್ಯಶಾಸ್ತ್ರದ ಕಪಾಟು ತಡಕಾಡಿದ. "ಇಲ್ಲ ಬಿಡ್ರಿ, ಅಂಥಾದ್ದು ಯಾವುದೂ ಇಲ್ಲ."

ರೆಜಿನಾ ನನ್ನ ಕಪಾಟಿನ ಪಕ್ಕದ ಬಾಗಿಲ ಕಡೆ ತಿರುಗಿದಳು. "ಹಂಗಾರ ಅಕ್ಕಾರೂ ಕಡೀಕ ನಮ್ಮನ್ನ ಕಿತ್ತ ಒಗದ್ರೇನು?"

ಕಿತ್ತಿಲ್ಲ ತಾಯೀ, ಕಿತ್ತಿಲ್ಲ! ನೂರಾ ಹನ್ನೆರಡನೇ ಪುಟ ತೆಗೆದು ನೋಡು! ಹೊರಟವಳ ಸೆರಗು ನನ್ನ ಬೆನ್ನಿಗೆ ತಾಗಿತು. ಕೂಗಲು ನನಗೆ ಬಾಯಿ ಎಲ್ಲಿದೆ? ಅವಳು ಹೋಗಿಬಿಟ್ಟಳು.

ಈಗ ನಾನು ವರಾಂಡದಲ್ಲಿದ್ದೇನೆ. ಉಪ್ಪಿನಕಾಯಿ, ಹೆಣಿಗೆಗಳ ಜೊತೆ ಹಗ್ಗ ಬಿಗಿದು ಕಟ್ಟಿದ್ದಾರೆ, ರದ್ದಿಯವನು ಬರಬೇಕು. ಕಟ್ಟಿನ ಮೇಲಿನ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 'ಯಾರೂ ಕೇಳಿಲ್ಲ' ಎಂದು ಬರೆದಿದ್ದಾರೆ.

ಸುಳ್ಳು. ಒಬ್ಬಳು ಕೇಳಿದ್ದಳು.