ಹಳದಿ ಹೆರೆದ ಹನ್ನೊಂದು ಗೊಂಬೆ

ಮರದ ಗೊಂಬೆ ಕಡೆಯುವ ಮುನಾವರ್ ಸಾಬರಿಗೆ ಓದು ಬಾರದು. ಆರ್ಡರ್ ಬಂದರೆ ಚನ್ನಪಟ್ಟಣದ ಎಸ್‌ಟಿಡಿ ಬೂತಿನಲ್ಲಿ ನಿಂತು ಕೇಳಿಸಿಕೊಂಡು, ದಾರಿಯುದ್ದಕ್ಕೂ ಬಾಯಲ್ಲೇ ಹೇಳಿಕೊಳ್ಳುತ್ತ ಬಂದು, ಬಣ್ಣ ಹಚ್ಚುವ ನನಗೆ ಒಪ್ಪಿಸುತ್ತಿದ್ದರು. ಅಜ್ಜಿಯ ಪದ್ಯಗಳನ್ನು ನಾನು ಕಲಿತದ್ದೂ ಹಾಗೆಯೇ, ಕೇಳಿ ಕೇಳಿ. ಗೊಂಬೆಗೆ ಅರಗು ಹಚ್ಚುವಾಗ ಇವತ್ತಿಗೂ ಒಂದು ಷಟ್ಪದಿಯೇ ನನ್ನ ಗಡಿಯಾರ. ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಮನಸ್ಸಿನಲ್ಲೇ ಶುರು ಮಾಡಿದರೆ ಮೂರನೇ ಸಾಲಿಗೆ ಬಣ್ಣ ಕರಗಿ ಹಿಡಿಯುತ್ತದೆ, ಆರನೆಯದಕ್ಕೆ ಕಡ್ಡಿ ತೆಗೆಯಬೇಕು.

ಆ ಸಲದ ಆರ್ಡರ್ ಬೆಂಗಳೂರಿನ ಭಾನುಪ್ರಿಯ ಮೇಡಮ್ ಅವರದು. ಹಳೆಯ ವಿಶ್ವಕಪ್‌ಗಳ ಪ್ರದರ್ಶನವಂತೆ. ಸಾವಿರದ ಒಂಬೈನೂರ ಐವತ್ತರ ಕೊನೆಯ ಆಟದ ಇಪ್ಪತ್ತೆರಡು ಆಟಗಾರರು ಬೇಕಿತ್ತು.

"ಕೇಳ್ಕೊ ರಾಧಮ್ಮ," ಎಂದಿದ್ದರು ಸಾಬರು. "ಉರುಗ್ವೆ ಆಕಾಶನೀಲಿ, ಚಡ್ಡಿ ಕಪ್ಪು. ಬ್ರೆಜಿಲ್ ಪೂರಾ ಬಿಳಿ, ಕಾಲರ್ ಮಾತ್ರ ನೀಲಿ."

ಜೊತೆಗೆ ಇನ್ನೊಂದು ಮಾತೂ ಹೇಳಿದ್ದರು. ಪ್ಲಾಸ್ಟಿಕ್ ಗೊಂಬೆ ಬಂದ ಮೇಲೆ ನಮ್ಮ ಎರಡು ಲೋಡು ಅಂಗಡಿಗಳಿಂದ ವಾಪಸಾಗಿದ್ದವು. "ಇದೂ ತಿರುಗಿ ಬಂದ್ರೆ ಮುಗೀತು. ಲೇತ್ ಮಾರಿ, ಬಿಡದಿ ಫ್ಯಾಕ್ಟ್ರಿ ಗೇಟಲ್ಲಿ ವಾಚ್‌ಮನ್ ಆಗ್ತೀನಿ. ಅಳಿಯ ಮಾತಾಡಿ ಇಟ್ಟವ್ನೆ."

ಗೊಂಬೆಗಳ ಒಡಲು ಕಡೆದಿಟ್ಟು, ಮಗಳು ಹಿನಾಳ ಮಗುವಿಗೆ ಹೆಸರಿಡುವ ಕಾರ್ಯಕ್ಕೆಂದು ಅವರು ರಾಮನಗರಕ್ಕೆ ಹೋದರು. ಶೆಡ್ಡಿನಲ್ಲಿ ಉಳಿದವಳು ನಾನೊಬ್ಬಳೇ.

ಎರಡು ಸಾವಿರದ ಎರಡರ ಜೂನ್ ತಿಂಗಳು ಅದು. ಎದುರಿನ ಬಾಲರಾಜು ಹೋಟೆಲಿನ ಟಿವಿಯಲ್ಲಿ ಮಧ್ಯಾಹ್ನವಾದರೆ ಫುಟ್ಬಾಲು. ಬ್ರೆಜಿಲ್ ಅಂದರೆ ಹಳದಿ. ಬಸ್ಸಿನ ಹಿಂದೆ ಅಂಟಿಸಿದ ಚಿತ್ರದಲ್ಲೂ ಹಳದಿ. ಸಾಬರಿಗೆ ವಯಸ್ಸಾಯಿತು, ದಾರಿಯಲ್ಲಿ ಬಣ್ಣ ಬದಲಾಗಿರಬೇಕು ಅಂದುಕೊಂಡೆ. ಹಿರಿಯರಿಗೆ ತಪ್ಪು ಎತ್ತಿ ತೋರಿಸುವುದು ನನಗೆ ಬರುವುದಿಲ್ಲ. ಉರುಗ್ವೆಯವರಿಗೆ ಹೇಳಿದ ಬಣ್ಣ ಹಚ್ಚಿದ ಮೇಲೆ, ಸುಮ್ಮನೆ ಸರಿಪಡಿಸಿದರಾಯಿತೆಂದು ಬ್ರೆಜಿಲಿನ ಹನ್ನೊಂದಕ್ಕೂ ಹಳದಿ ಹಚ್ಚಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟು ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದೆ. ಚೆನ್ನಾಗಿಯೇ ಕಂಡವು.

ಭಾನುವಾರ ಸಂಜೆ ಆರಕ್ಕೆ ಮೇಡಮ್ ಬರುವವರಿದ್ದರು. ನಾಲ್ಕೂವರೆಗೆ ಟಿವಿಯಲ್ಲಿ ಫೈನಲ್. ಅದಕ್ಕಾಗಿ ಎರಡು ಗಂಟೆಗೇ ಹೋಟೆಲಿಗೆ ಬಂದು ಕೂತಿದ್ದ ರಿಟೈರ್ಡ್ ಪಿ.ಟಿ. ಮೇಷ್ಟ್ರು ಲಕ್ಷ್ಮಯ್ಯನವರು ಟೀ ಲೋಟ ಹಿಡಿದುಕೊಂಡೇ ಶೆಡ್ಡಿನೊಳಕ್ಕೆ ಬಂದರು.

"ಯಾರವ್ವ ಇವ್ರು, ಅರಿಶಿಣ ಹಚ್ಕೊಂಡು ಮದುವೆಗೆ ನಿಂತವ್ರೆ?"

"ಬ್ರೆಜಿಲ್ ಮೇಷ್ಟ್ರೇ. ಐವತ್ತನೇ ಇಸವೀದು."

ಅವರು ಲೋಟ ಕೆಳಗಿಟ್ಟರು. "ಐವತ್ತರಲ್ಲಿ ಹಳದಿ ಎಲ್ಲಿತ್ತವ್ವ? ಬಿಳಿ ಹಾಕೊಂಡು ಆಡುದ್ರು. ಡ್ರಾ ಆಗಿದ್ರೂ ಕಪ್ ಅವರ್ದೇ ಆಗ್ತಿತ್ತು. ಮೊದಲ್ನೇ ಗೋಲು ಹೊಡೆದವರೂ ಅವರೇ. ಆಮೇಲೆ ಉರುಗ್ವೆ ಎರಡು ಹಾಕ್ಬುಡ್ತು. ಅವರ ದೇಶದಲ್ಲೇ ಆಟ, ಸುಮಾರು ಎರಡು ಲಕ್ಷ ಜನ ಕೂತಿದ್ರಂತೆ, ಉಸಿರು ಬುಟ್ರೂ ಕೇಳ್ಸೋ ಅಷ್ಟು ಮೌನ. ಆ ಬಿಳಿ ಅಂಗಿ ಅಪಶಕುನ ಅಂತ ಬುಟ್ಟು, ಸ್ಪರ್ಧೆ ಇಟ್ಟು ತಂದಿದ್ದು ಈ ಹಳದಿ. ನಮ್ಮ ದೇಶಕ್ಕೂ ಆ ವಿಶ್ವಕಪ್‌ಗೆ ಕರೆ ಬಂದಿತ್ತು, ಹೋಗ್ಲಿಲ್ಲ."

ನಾನು ಒಂದು ಗೊಂಬೆಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆ. ಮೇಷ್ಟ್ರು ಅದನ್ನು ನೋಡದೆ ಮುಂದುವರಿಸಿದರು. "ಪಾಪ, ಅವರ ಗೋಲ್‌ಕೀಪರ್‌ನ ಸಾಯೋವರ್ಗೂ ಜನ ಮನ್ನಿಸಲಿಲ್ಲ ಕಣವ್ವ. ಒಂದೇ ತಪ್ಪಿಗೆ."

ಅವರು ಹೊರಟ ಮೇಲೆ ನಾನು ಎದ್ದು ಗೊಂಬೆಗಳ ಮೇಲೆ ಬಟ್ಟೆ ಹೊದಿಸಿದೆ. ಯಾಕೆ ಹೊದಿಸಿದೆನೋ ತಿಳಿಯದು. ಮನಸ್ಸಿನಲ್ಲಿ ಪದ್ಯ ಹೇಳಿಕೊಳ್ಳಲು ಹೋದರೆ ಎರಡನೇ ಸಾಲೇ ನೆನಪಾಗಲಿಲ್ಲ. ಹಾಗಾದದ್ದು ಅದೇ ಮೊದಲು.

ಸಾಬರು ಎರಡೂವರೆಗೆ ಬಂದು, ಚೀಲದಿಂದ ನನಗೆಂದು ತಂದ ಸಿಹಿ ತೆಗೆದಿಟ್ಟು, ಬಟ್ಟೆ ಸರಿಸಿದರು. ಒಂದು ಗೊಂಬೆ ಎತ್ತಿ ಬೆಳಕಿಗೆ ಹಿಡಿದರು.

"ನಾ ಏನ್ ಹೇಳಿದ್ದೆ? ಒಪ್ಪಿಸು."

"ಉರುಗ್ವೆ ಆಕಾಶನೀಲಿ, ಚಡ್ಡಿ ಕಪ್ಪು. ಬ್ರೆಜಿಲ್ ಪೂರಾ ಬಿಳಿ, ಕಾಲರ್ ಮಾತ್ರ ನೀಲಿ."

"ಕಿವಿ ಸರಿಯಾಗೇ ಐತಲ್ಲ."

"ಟಿವಿ ನೋಡಿ ಕಣ್ಣು ನಂಬ್ಬುಟ್ಟೆ ಸಾಬ್ರೇ. ನೀವೇ ಮರೆತ್ರಿ ಅಂದ್ಕೊಂಡೆ."

ಅವರು ಬೈಯಲಿಲ್ಲ. ಬೈದಿದ್ದರೆ ಒಸಿ ಹಗುರಾಗುತ್ತಿತ್ತು. ಅಂಗಿಯ ತೋಳು ಮಡಚಿ ಒಂದು ಗೊಂಬೆಯ ತಲೆ ಕಿತ್ತರು. ನಮ್ಮ ಗೊಂಬೆಗಳ ತಲೆ ಬೇರೆ ಕಡೆದು ಕುತ್ತಿಗೆಯ ತೂತಿಗೆ ಕೂರಿಸಿದ್ದು. ಆ ತೂತಿಗೇ ಗೂಟ ಹೊಡೆದು ಒಡಲನ್ನು ಮತ್ತೆ ಲೇತಿಗೆ ಸಿಕ್ಕಿಸಿದರು.

"ಬಿಳಿ ಅರಗು ಹಚ್ಚಿದ್ರೆ ಹಳೆ ಹಳದಿ ಎದ್ದು ಬಂದು ಬೆಣ್ಣೆ ಬಣ್ಣ ಆಗ್ತದೆ," ಎಂದರು. "ಹೆರೆಯೋದೇ. ಗೊಂಬೆ ಕಡೆದಿರೋ ಹಾಲೆ ಮರ ತಾನೇ ಬಿಳಿ. ಬಣ್ಣ ಇಲ್ಲದ ಅರಗು ಒಂದು ಕೈ ಹಚ್ಚು. ಸಾಕು."

ಉಳಿ ತಾಗಿತು. ಹಳದಿ ಸುರುಳಿ ಸುರುಳಿಯಾಗಿ ಹಾರಿ ನನ್ನ ಮಡಿಲಿಗೆ ಬಿತ್ತು. ಕೆಳಗಿನ ಮರ ಆಗ ತಾನೇ ಬೆಂದ ಅನ್ನದ ಹಾಗಿತ್ತು. ಆದರೆ ಲೇತಿನಿಂದ ಇಳಿದ ಗೊಂಬೆ ಪಕ್ಕದ ಉರುಗ್ವೆಯವನಿಗಿಂತ ಒಂದು ಸುತ್ತು ಸಣ್ಣದಾಗಿತ್ತು. ಇಬ್ಬರೂ ನೋಡಿದೆವು. ಸಾಬರು ಮುಂದಿನದರ ತಲೆ ಕಿತ್ತರು.

ಕರೆಂಟ್ ಹೋದರೆ ಲೇತ್ ನಿಲ್ಲುತ್ತಿತ್ತು, ಅಲ್ಲಿಗೆ ಎಲ್ಲ ಮುಗಿಯಿತು. ಭಾನುವಾರದ ಕರೆಂಟನ್ನು ನಂಬಿ ಯಾರೂ ಹಿಟ್ಟಿನ ಗಿರಣಿಗೂ ಹೋಗುತ್ತಿರಲಿಲ್ಲ. ಬಲ್ಬು ಮಿಣುಕಿದಾಗಲೆಲ್ಲ ತಲೆಯೆತ್ತಿ ನೋಡುತ್ತಿದ್ದೆ. ಐದನೇ ಗೊಂಬೆಯಾಗುವಾಗ ಆಟ ಶುರುವಾಯಿತು. ಎಂಟನೆಯದಕ್ಕೆ ಸಾಬರ ಕೈ ನಡುಗತೊಡಗಿತು. ಉಳಿ ಒಂದು ಕೂದಲೆಳೆ ಆಳಕ್ಕಿಳಿದರೂ ಒಡಲು ಸೀಳುತ್ತದೆ, ಬದಲಿ ಮರ ಇರಲಿಲ್ಲ.

"ಪದ್ಯ ಹೇಳ್ಕೊತೀಯಲ್ಲ ಮನಸಲ್ಲಿ," ಎಂದರು. "ಇವತ್ತು ಬಾಯಿ ಬುಟ್ಟು ಹೇಳು. ನನ್ನ ಕೈಗೂ ಒಂದು ಲೆಕ್ಕ ಸಿಕ್ತದೆ."

ಅವರ ಜೊತೆ ಕೆಲಸ ಮಾಡಿದ ಹನ್ನೊಂದು ವರ್ಷದಲ್ಲಿ ಅವರೆದುರು ನಾನು ದನಿ ತೆಗೆದು ಪದ್ಯ ಹೇಳಿದ್ದಿಲ್ಲ. ತೆಗೆದೆ. ಮರೆತಿದ್ದ ಎರಡನೇ ಸಾಲು ತಾನಾಗಿ ಬಂತು. ಉಳಿ ಆ ನಡಿಗೆಗೆ ಹೊಂದಿಕೊಂಡಿತು. ಹತ್ತನೆಯದು ಇಳಿದಾಗ ಹೋಟೆಲಿನಲ್ಲಿ ಕೂಗೆದ್ದಿತು, ಬ್ರೆಜಿಲ್ ಗೋಲು ಹೊಡೆದಿತ್ತು. ಹನ್ನೊಂದನೆಯದರ ಕುತ್ತಿಗೆಗೆ ನೀಲಿ ಗೆರೆ ಎಳೆಯುತ್ತಿದ್ದೆ, ಹೊರಗೆ ಕಾರು ನಿಂತಿತು.

ಭಾನುಪ್ರಿಯ ಮೇಡಮ್ ಒಂದು ಬಿಳಿ, ಒಂದು ನೀಲಿ ಗೊಂಬೆ ಎತ್ತಿ ಪಕ್ಕಪಕ್ಕ ಹಿಡಿದರು.

"ಇವರು ಯಾಕೆ ಸಣ್ಣ?"

ಸಾಬರು, "ಅದು ಮೇಡಮ್, ಮರ..." ಎಂದು ಶುರು ಮಾಡಿದರು. ನನ್ನ ತಪ್ಪನ್ನು ಮರದ ಮೇಲೆ ಹೊರಿಸಲು ಹೊರಟಿದ್ದರು.

"ಮರದ್ದಲ್ಲ," ಎಂದೆ. "ಸಾಬ್ರು ಸರಿಯಾಗೇ ಹೇಳಿದ್ರು. ನಾನು ಹಳದಿ ಹಚ್ಬುಟ್ಟೆ. ಹೆರೆದು ಬಿಳಿ ಮಾಡಿದ್ವಿ, ಅದಕ್ಕೆ ಸಣ್ಣಗಾದ್ರು."

ಮೇಡಮ್ ನನ್ನ ಮಡಿಲಲ್ಲಿದ್ದ ಹಳದಿ ಸಿಪ್ಪೆ ನೋಡಿದರು. ಗೊಂಬೆಗಳನ್ನು ಎದುರುಬದುರು ನಿಲ್ಲಿಸಿ ಎರಡು ಹೆಜ್ಜೆ ಹಿಂದೆ ಹೋದರು. ಹೋಟೆಲಿನಲ್ಲಿ ಎರಡನೇ ಗೋಲಿನ ಕೂಗು ಎದ್ದಿತು. ಅವರು ತಿರುಗಿ ನೋಡಲಿಲ್ಲ.

"ಸೋತು ನಿಂತವರು ಹೀಗೇ ಕಾಣ್ತಾರೆ," ಎಂದು ತಮ್ಮಷ್ಟಕ್ಕೇ ಅಂದು ಡ್ರೈವರನ್ನು ಕರೆದರು. "ಪ್ಯಾಕ್ ಮಾಡಪ್ಪ." ಆಮೇಲೆ ಸಾಬರತ್ತ ತಿರುಗಿ, "ಮುಂದಿನ ಸೆಟ್‌ಗೆ ಫೋನಲ್ಲಿ ಹೇಳಲ್ಲ. ಬಣ್ಣ ಎಲ್ಲ ಬರೆದೇ ಕಳಿಸ್ತೀನಿ," ಎಂದರು.

ಸಾಬರು ಉಳಿ ಒರೆಸಿ ಲೇತಿನ ಪಕ್ಕಕ್ಕೇ ಇಟ್ಟರು.

"ಬರೆಯೋದು ಬ್ಯಾಡಿ ಮೇಡಮ್," ಎಂದೆ. "ಸಾಬ್ರಿಗೆ ಹೇಳಿ. ಅವ್ರು ಹೇಳಿದ್ದು ನಾನು ಕೇಳ್ಕೊತೀನಿ."