ಗೆರೆಯಣ್ಣನ ಹಳದಿ

"ಸಾಕು ಬಿಡಿ ಅತ್ತಿಗೆ, ಚರ್ಮ ಕಿತ್ತು ಬರತ್ತೆ," ಎಂದು ನಾದಿನಿ ಕೈ ಹಿಡಿದಳು. ಅತ್ತಿಗೆ ಕೊಸರಿಕೊಂಡು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಸತ್ತ ಗಂಡನ ಬೆರಳುಗಳನ್ನು ಮತ್ತೆ ಉಜ್ಜತೊಡಗಿದಳು. ಉಗುರಿನ ಸಂದಿಯ ಬಣ್ಣ ಅಷ್ಟಿಷ್ಟು ಬಿಟ್ಟಿತು. ಅಂಗೈಯ ಹಳದಿ ಮಾತ್ರ ಜಪ್ಪಯ್ಯ ಎಂದರೂ ಬಿಡಲಿಲ್ಲ.

ರಸ್ತೆಗೆ ಹಳದಿ ಗೆರೆ ಎಳೆಯುವುದು ಅವನ ಕಸುಬು. ಇಪ್ಪತ್ತಾರು ವರ್ಷ ಎಳೆದ. ಎಲ್ಲರಿಗೂ ಗೆರೆಯಣ್ಣನೇ ಆದ. ಮೈಲಿಗಟ್ಟಲೆ ಒಂದಿಷ್ಟೂ ಸೊಟ್ಟಗಾಗದಂತೆ ಎಳೆಯುವ ಮಹಾನುಭಾವ, ಮನೆಯಲ್ಲಿ ಒಂದು ಕ್ಯಾಲೆಂಡರನ್ನು ನೇರವಾಗಿ ನೇತುಹಾಕಿದವನಲ್ಲ.

"ನಗ್ತಾ ನಗ್ತಾ ಆಸ್ಪತ್ರೆಗೆ ಹೋದೋನು," ಎಂದ ಬಾಗಿಲ ಬಳಿ ಕೂತಿದ್ದ ಅವನ ಮೇಸ್ತ್ರಿ. "ಪಿತ್ತಕೋಶದಲ್ಲಿ ಕಲ್ಲು, ಸಣ್ಣ ಆಪರೇಷನ್ ಅಂದ್ರು. ಹೋಗಿ ಹೋಗಿ ಪಿತ್ತ ಹರಿಯೋ ನಾಳಾನೇ ಕೊಯ್ದುಬಿಟ್ರು. ನಿನಗೂ ಸೋಮವಾರ ಅದೇ ಆಪರೇಷನ್ ಅಲ್ವೇನಮ್ಮ?"

"ಬೇಡ ಅಂತ ಫೋನ್ ಮಾಡಿಬಿಟ್ಟೆ," ಎಂದಳು ನಾದಿನಿ. "ನೋವು ಬೇಕಾದ್ರೆ ತಿಂತೀನಿ. ಆ ಟೇಬಲ್ ಮೇಲೆ ಮಲಗಲ್ಲ."

"ಒಳ್ಳೇದು ಮಾಡಿದೆ," ಎಂದರು ಕೂತವರೆಲ್ಲ.

ಮಾತಾಡುತ್ತಲೇ ಅವಳು ಬಲಪಕ್ಕೆಯ ಕೆಳಗೆ ಅಂಗೈ ಒತ್ತಿ ಹಿಡಿದಿದ್ದಳು. ಅದು ಅತ್ತಿಗೆಯ ಕಣ್ಣಿಗೆ ಬಿತ್ತು. ಗಂಡನೂ ಮೊದಮೊದಲು ಹೀಗೇ ಹಿಡಿಯುತ್ತಿದ್ದ.

*

ಆಪರೇಷನ್ ಮುಗಿಸಿ ಅವನನ್ನು ಮನೆಗೆ ಕಳಿಸುವಾಗ ನರ್ಸ್ ಹೇಳಿದ್ದಳು: "ಜ್ವರ ಬಂದ್ರೆ, ಹೊಟ್ಟೆ ಉಬ್ಬಿದ್ರೆ, ಮೈ ಹಳದಿ ಆದ್ರೆ, ಅವತ್ತೇ ಕರ್ಕೊಂಡು ಬನ್ನಿ."

"ನಾನು ಹಳದಿ ಆಗಿ ಇಪ್ಪತ್ತಾರು ವರ್ಷ ಆಯ್ತು ಸಿಸ್ಟರ್," ಎಂದಿದ್ದ ಅವನು. ಮೂವರೂ ನಕ್ಕಿದ್ದರು.

ಮನೆಗೆ ಬಂದ ಮರುದಿನ ಅಂಗೈ ಹಳದಿಯಾಯಿತು, ಆಮೇಲೆ ಕುತ್ತಿಗೆ. "ಹಳೇ ಬಣ್ಣ ಕಣೇ, ಬೆವರಿಗೆ ಬಿಡ್ತಿದೆ," ಎಂದ. ಅವಳು ಎಂದಿನಂತೆ ಸೀಮೆಎಣ್ಣೆ ಹಾಕಿ ಉಜ್ಜಿದಳು. ಹದಿನೈದು ದಿನದಿಂದ ಅವನು ಬಣ್ಣದ ಡಬ್ಬಿ ಮುಟ್ಟಿರಲಿಲ್ಲ. ಅದು ಅವಳಿಗೆ ಹೊಳೆಯದೇ ಇರಲಿಲ್ಲ. ಮತ್ತೆ ಆ ವಾರ್ಡಿಗೆ ಹೋಗಬೇಕಲ್ಲ ಎಂಬ ಭಯಕ್ಕೆ ಬಣ್ಣವೇ ಇರಬೇಕು ಅಂದುಕೊಂಡಳು. ಹಾಗೇ ಒಂದು ವಾರ ಉಜ್ಜಿದಳು.

ಎಂಟನೇ ದಿನ ಅವನು ಚಳಿಜ್ವರದಲ್ಲಿ ಗಡಗಡ ನಡುಗಿದ. ಆಸ್ಪತ್ರೆಯಲ್ಲಿ ಹಿರಿಯ ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. "ನಾಳಕ್ಕೆ ಕತ್ತರಿ ಬಿದ್ದಿದ್ದು ನಮ್ಮ ತಪ್ಪು. ಬೇಗ ಬಂದಿದ್ರೆ ಸರಿಮಾಡೋ ಅವಕಾಶ ಇತ್ತು. ಈಗ ಹೊಟ್ಟೆಯೆಲ್ಲ ನಂಜಾಗಿದೆ. ಎಷ್ಟು ದಿನದಿಂದ ಹೀಗೆ ಹಳದಿ ಇದ್ರು?"

"ನಿನ್ನೆಯಿಂದ," ಎಂದುಬಿಟ್ಟಳು ಅವಳು.

*

ಹೆಣ ಸಾಗಿಸುವ ವ್ಯಾನು ಬಂದು ನಿಂತಿತು. ಗಂಡಸರು ಎದ್ದರು. ಅಣ್ಣನ ಕಾಲ ಬಳಿ ಬಗ್ಗಿದ ನಾದಿನಿಗೆ ಮೇಲೇಳಲಾಗಲಿಲ್ಲ. ಹಣೆಯ ಮೇಲೆ ಬೆವರು ಒಡೆದಿತ್ತು.

"ಏನಿಲ್ಲ. ಅತ್ತು ಅತ್ತು ಸುಸ್ತಷ್ಟೇ," ಎಂದಳು.

ಅತ್ತಿಗೆ ಉಜ್ಜುವ ಬಟ್ಟೆಯನ್ನು ಕೆಳಗಿಟ್ಟಳು. ಬಾಯಿ ಬಿಟ್ಟರೆ ಈ ಮನೆಯಲ್ಲಿ ಇನ್ನು ತನಗೆ ಮುಖವಿಲ್ಲ. ಬಿಡದಿದ್ದರೆ ಇವಳೂ ಉಳಿಯುವುದಿಲ್ಲ. ನಾದಿನಿಯ ರಟ್ಟೆ ಹಿಡಿದು ಕಿಟಕಿಯ ಬಳಿಗೆ ಎಳೆದಳು.

"ನಿಮ್ಮಣ್ಣ ಒಂದು ವಾರ ಹಳದಿ ಆಗಿದ್ರು ಕಣೇ. ನಾನು ಬಣ್ಣ ಅಂತ ಉಜ್ಜಿದೆ. ಕೊಯ್ದಿದ್ದು ಅವರು, ನಿಜ. ತಡ ಮಾಡಿದ್ದು ನಾನು. ಡಾಕ್ಟರ್ ಕೇಳಿದ್ದಕ್ಕೂ ಸುಳ್ಳು ಹೇಳಿದೆ."

ಮೇಸ್ತ್ರಿ ಮುಖ ಆಚೆ ತಿರುಗಿಸಿಕೊಂಡ. ನಾದಿನಿ ಕೈ ಕೊಡವಿ ಹಿಂದೆ ಸರಿದಳು.

"ನಮ್ಮಣ್ಣನ್ನ ನೀವು..."

"ಬೈಯಿ. ಆಮೇಲೆ ಎಷ್ಟು ಬೇಕಾದ್ರೂ ಬೈಯಿ. ಈಗ ಕಣ್ಣು ತೋರ್ಸು."

ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದಳು. ಬಿಳಿ ಇರಬೇಕಾದಲ್ಲಿ ತೆಳು ಹಳದಿ ಇತ್ತು.

"ಆಟೋ ಕರೀರಿ," ಎಂದಳು. "ಇವಳಿಗೆ ಕಲ್ಲೇ ಪಿತ್ತದ ದಾರಿಗೆ ಅಡ್ಡ ಬಿದ್ದಿರ್ಬೇಕು."

"ಅಕ್ಕಾ, ಹೆಣ ಎತ್ತೋ ಹೊತ್ತು," ಎಂದ ಮೇಸ್ತ್ರಿ.

"ಅವರನ್ನ ನೀವು ಕಳಿಸಿಕೊಡಿ."

ಆಟೋ ಹತ್ತುವಾಗ ನಾದಿನಿ ಒಮ್ಮೆ ಮಾತ್ರ ಬಾಯಿ ಬಿಟ್ಟಳು. "ನಂಗೂ ಹಂಗೇ ಕೊಯ್ದುಬಿಟ್ರೆ?"

"ನಂಗೂ ಭಯಾನೇ ಕಣೇ. ಆದ್ರೆ ದಿನಾ ಬೆಳಗ್ಗೆ ನಿನ್ನ ಕಣ್ಣು ನೋಡ್ತೀನಿ. ನೀನು ಬೇಡ ಅಂದ್ರೂ ನೋಡ್ತೀನಿ."

ವೃತ್ತದಲ್ಲಿ ವ್ಯಾನು ಎಡಕ್ಕೆ ತಿರುಗಿ ಸ್ಮಶಾನದ ದಾರಿ ಹಿಡಿಯಿತು, ಆಟೋ ಬಲಕ್ಕೆ ಹೊರಳಿತು. ನಾದಿನಿ ಅತ್ತಿಗೆಯ ಕಡೆ ನೋಡಲೇ ಇಲ್ಲ. ಆಟೋ ಕುಲುಕಿದಾಗಲೆಲ್ಲ ಅವಳ ಮಣಿಕಟ್ಟನ್ನು ಮಾತ್ರ ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು.