ಹಸನಿ ಆರಿಸಿದ ಡಬ್ಬ

"ನಿನ್ನ ತಮ್ಮನೇ ದಡ್ಡ ಕಣಮ್ಮ. ಹಳೇ ಟೂ ಸ್ಟ್ರೋಕ್ ಎಂಜಿನ್ನಿಗೆ ಮಾಡ್ತಿದ್ದ ಹಾಗೆ ಆಯಿಲ್‌ನ ಪೆಟ್ರೋಲಿಗೇ ಬೆರೆಸಿರ್ತಾನೆ. ಫೋರ್ ಸ್ಟ್ರೋಕಿಗೆ ಆಯಿಲ್ ಬೇರೆ ಹಾಕಬೇಕು," ಎಂದ ಹಸನಿ.

ಬೊಂಗಾವೊ ಜೆಟ್ಟಿಯಲ್ಲಿ ದೋಣಿಯ ಎಂಜಿನ್ನುಗಳಿಗೆ ಆಯಿಲ್ ಮಾರುವವನು ಅವನೊಬ್ಬನೇ. ಅವನ ಆಯಿಲ್ ಹಾಕಿಕೊಂಡು ಹೋದ ನನ್ನ ತಮ್ಮ ಜಲ್ಮಿನನ ಎಂಜಿನ್ ಬಿರುಗಾಳಿಯಲ್ಲಿ ಕಚ್ಚಿಕೊಂಡು ನಿಂತಿತ್ತು. ಅಲೆಗಳು ಅವನನ್ನು ಬಂಡೆಗೆ ಬಡಿದು ಜಜ್ಜಿದ್ದವು. ನಿನ್ನೆಯಷ್ಟೇ ಹೂತಿದ್ದೆವು.

ಸತ್ತವನನ್ನು ದಡ್ಡ ಎಂದ ಆ ಬಾಯಿಗೆ ದೋಣಿಯ ಹುಟ್ಟಿನಿಂದ ಬಾರಿಸಿದೆ. ರಕ್ತದ ಜೊತೆ ಹಲ್ಲು ಉದುರಿತು. ಅವನ ಕತ್ತಿಗೆ ಮಚ್ಚು ಒತ್ತಿ ಹಿಡಿದೆ.

"ನನ್ನ ಎಂಜಿನ್ನಿನ ಆಯಿಲ್ ಪೂರ್ತಿ ಇಳಿಸಿದೀನಿ. ಹೊಸದನ್ನ ನೀನೇ ಆರಿಸು. ನಿನ್ನ ಕಟ್ಕೊಂಡು ಅವನು ಸತ್ತ ಜಾಗಕ್ಕೇ ಹೋಗ್ತೀನಿ."

ಅಂಗಡಿಯ ಕಪಾಟಿನ ತುಂಬ ಒಂದೇ ಬಣ್ಣದ, ಒಂದೇ ಮೊಹರಿನ ಡಬ್ಬಗಳಿದ್ದವು. ಅವುಗಳಲ್ಲಿ ಯಾವುದನ್ನು ಎತ್ತಿಕೊಟ್ಟಿದ್ದರೂ ತಪ್ಪಾಯ್ತೆಂದು ನಾನೇ ಅವನ ಕಾಲಿಗೆ ಬೀಳುತ್ತಿದ್ದೆ. ಹಸನಿ ಒಂದನ್ನೂ ಮುಟ್ಟಲಿಲ್ಲ. ತೆವಳಿಕೊಂಡು ಹೋಗಿ ತನ್ನ ಮಂಚದ ಕೆಳಗಿಂದ ಒಂದು ಡಬ್ಬ ಎಳೆದ.

"ಇದನ್ನ ಹಾಕು ತಾಯಿ. ನನ್ನ ದೋಣಿಗೂ ಇದನ್ನೇ ಹಾಕೋದು."

"ಕಪಾಟಿಂದಕ್ಕೆ ಏನಾಗಿದೆಯೋ?"

ಅವನು ಬಾಗಿಲ ಕಡೆಗೆ ತೆವಳತೊಡಗಿದ.

ಅವನನ್ನು ಎಳೆದೊಯ್ದು ಲಂಗರಿನ ಹಗ್ಗದಿಂದ ನನ್ನ ದೋಣಿಗೆ ಬಿಗಿದೆ. ಮಂಚದಡಿಯ ಡಬ್ಬವನ್ನು ಅವನ ಕಣ್ಣೆದುರೇ ಸಮುದ್ರಕ್ಕೆ ಸುರಿದೆ. ಕಪಾಟಿನಿಂದ ತಂದಿದ್ದನ್ನು ಎಂಜಿನ್ನಿಗೆ ಸುರಿದೆ. ಗಾಳಿ ಏಳುತ್ತಿತ್ತು.

"ನೀನೂ ಸಾಯ್ತೀಯಲ್ಲೇ!" ಎಂದು ಹಸನಿ ಕಿರುಚಿದ.

"ನಾನ್ಯಾಕೋ ಸಾಯ್ಲಿ? ನಿನ್ನ ಅಂಗಡಿ ಆಯಿಲ್ ಅಲ್ವಾ?" ಎಂದು ಎಂಜಿನ್ ಚಾಲೂ ಮಾಡಿದೆ.